ಉಪ್ಪಿಲ್ಲದ ತಿಂಗಳುಗಳು

ಮಾರ್ಚ್ ೪, ಸೋಮವಾರ

ಬೀಗರಿಗೆ ನಮಸ್ಕಾರ.

ಮಕ್ಕಳ ಮದುವೆಯಾಗಿ ಒಂದೂವರೆ ವರ್ಷವಾಯಿತು. ಈ ಅವಧಿಯಲ್ಲಿ ನೀವೂ ನಾನೂ ಭೇಟಿಯಾದದ್ದು ಎರಡು ಸಲ, ಎರಡು ಸಲವೂ ಸುತ್ತ ಜನರಿದ್ದರು. ಲಿಫ್ಟಿನ ಮೋಟಾರುಗಳ ನಡುವೆ ಇದ್ದೂ ಇದ್ದೂ ನಿಮ್ಮ ಕಿವಿ ಮಂದವಾಗಿದೆ, ಫೋನಿನಲ್ಲಿ ಮಾತು ಸರಿಯಾಗಿ ಕೇಳುವುದಿಲ್ಲ ಎಂದು ಸೊಸೆ ಹೇಳಿದ್ದಳು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ತಪ್ಪು ತಿಳಿಯಬಾರದು.

ನಿನ್ನೆ ಮಕ್ಕಳ ಮನೆಗೆ ಹೋಗಿದ್ದೆ. ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಇರಲಿಲ್ಲ. ಹಿಟ್ಟಿನ ಡಬ್ಬಿಯಲ್ಲಿ ಬೂಟು ಪಾಲಿಶ್ ಮತ್ತು ಬ್ರಷ್ ಇಟ್ಟಿದ್ದರು. ಅಕ್ಕಿ, ಗೋಧಿ, ಬೇಳೆ, ಹಾಲು, ಸಕ್ಕರೆ, ಉಪ್ಪು ಎಲ್ಲವನ್ನೂ ಜನವರಿಯಿಂದ ಬಿಟ್ಟಿದ್ದಾರಂತೆ. ಮನುಷ್ಯ ಉಳುವುದನ್ನು ಕಲಿಯುವ ಮುಂಚೆ ಏನು ತಿನ್ನುತ್ತಿದ್ದನೋ ಅದನ್ನು ಮಾತ್ರ ತಿನ್ನುವುದಂತೆ: ಮಾಂಸ, ಮೀನು, ಮೊಟ್ಟೆ, ಗೆಡ್ಡೆ, ಸೊಪ್ಪು, ಹಣ್ಣು, ಬೀಜ. ನನ್ನ ತಟ್ಟೆಗೆ ಸುಟ್ಟ ಗೆಣಸು ಮತ್ತು ಬೇಯಿಸಿದ ಮೀನಿನ ತುಂಡು ಬಂತು. ಗುಹೆಯವರಿಗೆ ಕುರ್ಚಿ ಮೇಜು ಇತ್ತೇನಮ್ಮಾ ಎಂದು ಕೇಳಿದೆ. ನಿಮ್ಮ ಮಗಳು ನಕ್ಕಳು. ನನ್ನ ಮಗ ನಗಲಿಲ್ಲ. ಅವನ ಕಾಲರಿನೊಳಗೆ ಎರಡು ಬೆರಳು ಸಲೀಸಾಗಿ ತೂರುವಷ್ಟು ಜಾಗವಾಗಿದೆ. ಹೋಟೆಲಿನ ಬಟ್ಟೆ ಕೋಣೆಯಲ್ಲಿ ಇಷ್ಟು ವರ್ಷ ಕೆಲಸ ಮಾಡಿದವಳಿಗೆ ಇಂಥದ್ದು ಕಣ್ಣಿಗೆ ಬೀಳದೆ ಹೋಗುವುದಿಲ್ಲ.

ಇದೆಲ್ಲ ನಿಮ್ಮ ಮಗಳ ತಲೆನೋವಿಗಾಗಿ ಶುರುವಾದದ್ದು ಎಂದು ಕೇಳಿದೆ. ತಲೆ ಅವಳದು, ಪಥ್ಯ ಇಬ್ಬರದೂ. ನೀವು ಹೇಳಿದರೆ ಅವಳು ಕೇಳುತ್ತಾಳೆ. ಒಂದು ಮಾತು ಹೇಳಿ.

ಇತಿ,
ನಿಮ್ಮ ಬೀಗಿತ್ತಿ

*

ಮಾರ್ಚ್ ೧೯, ಮಂಗಳವಾರ

ಬೀಗಿತ್ತಿಯವರಿಗೆ ನಮಸ್ಕಾರ.

ನಿಮ್ಮ ಕಾಗದ ತಲುಪಿತು. ಉತ್ತರ ತಡವಾದದ್ದಕ್ಕೆ ಕಾರಣವಿದೆ, ಕೊನೆಯಲ್ಲಿ ಹೇಳುತ್ತೇನೆ.

ನನ್ನ ಮಗಳಿಗೆ ಚಿಕ್ಕಂದಿನಿಂದ ತಲೆನೋವು. ಬಂದಾಗ ಕಿಟಕಿಗೆ ಕಂಬಳಿ ಕಟ್ಟಿ ಮಲಗಿಸುತ್ತಿದ್ದೆವು. ಚಮಚ ತಟ್ಟೆಗೆ ತಗುಲಿದರೂ ಅಳುತ್ತಿದ್ದಳು. ಅವಳ ತಾಯಿ ಇದ್ದಾಗ ನಾವಿಬ್ಬರೂ ನಮ್ಮ ಮನೆಯಲ್ಲೇ ಕಳ್ಳರ ಹಾಗೆ ಓಡಾಡುತ್ತಿದ್ದೆವು. ತಾಯಿ ತೀರಿಕೊಂಡ ಮೇಲೆ ನಾನೊಬ್ಬನೇ ಕಳ್ಳ. ಹೋದ ವಾರ ಬಂದಿದ್ದಳು. ಜನವರಿಯ ನಂತರ ನೋವು ಒಮ್ಮೆಯೂ ಬಂದಿಲ್ಲ. ಅವಳು ಈಜು ಕಲಿಸುವ ಕೊಳದಲ್ಲಿ ಮಕ್ಕಳ ಕಿರುಚಾಟ ಈಗ ಬರೀ ಕಿರುಚಾಟವಾಗಿ ಕೇಳುತ್ತದಂತೆ, ಮೊದಲಿನ ಹಾಗೆ ಮೊಳೆ ಹೊಡೆದಂತಾಗುವುದಿಲ್ಲವಂತೆ. ಬಿಡು ಎಂದು ನಾನು ಯಾವ ಬಾಯಿಂದ ಹೇಳಲಿ?

ಅಳಿಯಂದಿರು ಸೊರಗಿದ್ದಾರೆ, ಒಪ್ಪುತ್ತೇನೆ. ಆದರೆ ಅವರನ್ನು ಯಾರೂ ಬಲವಂತ ಮಾಡಿಲ್ಲವಂತೆ. ನೀನು ತಿನ್ನದೇ ಇರೋದನ್ನ ನಿನ್ನೆದುರು ಕೂತು ನಾನು ಹೇಗೆ ತಿನ್ನಲಿ ಎಂದು ತಾವೇ ಶುರುಮಾಡಿದರಂತೆ. ಒಳ್ಳೆಯ ಹುಡುಗನನ್ನು ಹೆತ್ತಿದ್ದೀರಿ.

ಲಿಫ್ಟು ಕೆಟ್ಟು ನಿಂತಾಗ ಕೆಳಗೆ ಸೇರಿದವರೆಲ್ಲ ಒಂದೊಂದು ಕಾರಣ ಹೇಳುತ್ತಾರೆ. ಲಿಫ್ಟು ಓಡಾಡುವ ಶಾಫ್ಟಿನೊಳಗೆ ಇಳಿಯದೆ ನಾನು ಏನೂ ಹೇಳುವುದಿಲ್ಲ. ಹಾಗಾಗಿ ಶನಿವಾರದಿಂದ ನಾನೂ ಅವರು ತಿನ್ನುವುದನ್ನೇ ತಿನ್ನುತ್ತಿದ್ದೇನೆ. ಲೋಕವೆಲ್ಲ ಸಪ್ಪೆಯಾಗಿ ಬಿದ್ದಿದೆ. ಜೊತೆಗೆ ಕೆಲಸ ಮಾಡುವ ವೈರಿಂಗಿನವನು ನನ್ನ ಡಬ್ಬಿಯೊಳಗೆ ಇಣುಕಿ, "ಏನ್ ಯಜಮಾನ್ರೇ, ಇವತ್ತು ಬೇಟೆ ಸಿಗ್ಲಿಲ್ವಾ" ಎಂದ. ಉತ್ತರ ತಡವಾದದ್ದು ಇದಕ್ಕೆ. ತಿಂದು ನೋಡಿ ಬರೆಯೋಣ ಎಂದಿದ್ದೆ.

ಮಕ್ಕಳಿಗೆ ಹೇಳಬೇಡಿ. ಹೇಳಿದರೆ ನನ್ನ ಮಗಳು ದಿನಾ ವಿಚಾರಿಸುತ್ತಾಳೆ.

ಇತಿ,
ನಿಮ್ಮ ಬೀಗ

*

ಏಪ್ರಿಲ್ ೫, ಶುಕ್ರವಾರ

ಬೀಗರಿಗೆ ನಮಸ್ಕಾರ.

ನಿಮ್ಮ ಕಾಗದ ಓದಿ ಸಿಟ್ಟು ಬಂತು. ಬುದ್ಧಿ ಹೇಳಿ ಎಂದು ಕೇಳಿದರೆ ನೀವೇ ಹೋಗಿ ಅವರ ಗುಂಪು ಸೇರಿಕೊಂಡಿರಿ. ಆಮೇಲೆ ಯೋಚಿಸಿದೆ. ನಾಳೆ ಎಲ್ಲರೂ ಒಂದು ಕಡೆ ಕೂತು ವಾದಕ್ಕಿಳಿದರೆ, ನಾನು ತಿಂದು ನೋಡಿದ್ದೇನೆ ಎಂದು ನೀವು ಹೇಳುತ್ತೀರಿ, ನಾನು ಬಾಯಿ ಮುಚ್ಚಿಕೊಂಡಿರಬೇಕಾಗುತ್ತದೆ. ಅದು ನನ್ನಿಂದಾಗದು. ಕಳೆದ ಸೋಮವಾರದಿಂದ ನಾನೂ ಶುರುಮಾಡಿದ್ದೇನೆ. ಮನೆಯಲ್ಲಿದ್ದ ಅಕ್ಕಿ, ಬೇಳೆ, ಉಪ್ಪು ಎಲ್ಲವನ್ನೂ ಪಕ್ಕದ ಮನೆಯಾಕೆಗೆ ಕೊಟ್ಟೆ. ಎದುರಿಗಿದ್ದರೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ. ಊರು ಬಿಡುತ್ತಿದ್ದೀರಾ ಎಂದು ಆಕೆ ಕೇಳಿದಳು.

ಎರಡು ಷರತ್ತುಗಳಿವೆ. ಆಗಸ್ಟ್ ಕೊನೆಯವರೆಗೆ ಇಬ್ಬರೂ ಬಿಡಬಾರದು. ಯಾರಾದರೂ ಬಿಟ್ಟರೆ ಇನ್ನೊಬ್ಬರಿಗೆ ಕಾಗದದಲ್ಲಿ ತಿಳಿಸಬೇಕು, ಮುಚ್ಚಿಡಬಾರದು. ಮಕ್ಕಳಿಗೆ ಹೇಳಬಾರದು ಎನ್ನುವುದನ್ನು ನೀವೇ ಹೇಳಿದ್ದೀರಿ, ಒಪ್ಪಿದ್ದೇನೆ.

ಬಟ್ಟೆ ಕೋಣೆ ಹೋಟೆಲಿನ ನೆಲಮಾಳಿಗೆಯಲ್ಲಿದೆ. ಒಂದು ಪಕ್ಕ ಒಗೆಯುವ ಯಂತ್ರಗಳು, ಇನ್ನೊಂದು ಪಕ್ಕ ಸೂರಿನವರೆಗೆ ಮಡಿಸಿಟ್ಟ ಬಿಳಿ ಹಾಸುಗಳು. ನಡುವೆ ಹರಿದದ್ದನ್ನು ಹೊಲಿಯುತ್ತ ನಾನು. ಸಂಜೆಯಾಗುತ್ತಿದ್ದಂತೆ ಮೇಲಿನ ಅಡುಗೆಮನೆಯಿಂದ ಬ್ರೆಡ್ಡು ಬೇಯುವ ವಾಸನೆ ಗಾಳಿಯ ಕೊಳವೆಯಲ್ಲಿ ಇಳಿದು ಬರುತ್ತದೆ. ಅಡುಗೆಯ ಹಿರಿಯ ನನಗೆ ಚಹಾದ ಜೊತೆ ದಿನಾ ಒಂದು ಬನ್ನು ಕಳಿಸುವುದು ಹಳೆಯ ವಾಡಿಕೆ. ವಾಪಸು ಕಳಿಸಿದೆ. ತಾನೇ ಕೆಳಗಿಳಿದು ಬಂದು, "ಏನಕ್ಕಾ, ನನ್ ಮೇಲೆ ಏನಾದ್ರೂ ಮುನಿಸಾ?" ಎಂದು ಕೇಳಿದ. ಹಲ್ಲುನೋವು ಎಂದೆ.

ಇತಿ,
ನಿಮ್ಮ ಬೀಗಿತ್ತಿ

*

ಏಪ್ರಿಲ್ ೨೪, ಬುಧವಾರ

ಬೀಗಿತ್ತಿಯವರಿಗೆ ನಮಸ್ಕಾರ.

ಷರತ್ತಿನಂತೆ ತಿಳಿಸುತ್ತಿದ್ದೇನೆ. ಇಷ್ಟು ದಿನ ನಾನು ಹೊಟ್ಟೆ ತುಂಬಿಸಿಕೊಂಡದ್ದು ಹುರಿದ ಕಡಲೆಕಾಯಿಯಿಂದ. ಬಾದಾಮಿ ತಿನ್ನಬಹುದಾದರೆ ಇದನ್ನೂ ತಿನ್ನಬಹುದು ಎಂದುಕೊಂಡಿದ್ದೆ. ಭಾನುವಾರ ಮಗಳು ಬೇರೇನೋ ಹೇಳುತ್ತ, ಅದು ಅವರೆ ತೊಗರಿಯ ಜಾತಿಗೆ ಸೇರಿದ್ದು, ನಾವು ಮುಟ್ಟುವುದಿಲ್ಲ ಎಂದಳು. ಆಗ ನನ್ನ ಜೇಬಿನಲ್ಲಿ ಒಂದು ಹಿಡಿ ಇತ್ತು. ಅವಳು ಹೋಗುವವರೆಗೆ ಜೇಬಿನೊಳಗಿನ ಕೈ ಹೊರಗೆ ತೆಗೆಯಲಿಲ್ಲ. ಮತ್ತೆ ಮೊದಲಿನಿಂದ ಶುರುಮಾಡಿದ್ದೇನೆ. ಅಂದರೆ ನೀವು ನನಗಿಂತ ಹಿರಿಯರಾದಿರಿ. ನಗುವುದಿದ್ದರೆ ನಗಿ.

ಇನ್ನೊಂದು ವಿಷಯ. ಇದನ್ನು ಹೇಳಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ.

ಮಧ್ಯಾಹ್ನ ಡಬ್ಬಿ ಮುಗಿಸಿದ ಮೇಲೆ ಸ್ವಲ್ಪ ಹೊತ್ತು ಲಿಫ್ಟಿನ ನೆತ್ತಿಯ ಮೇಲೆ ಕೂರುವುದು ನನ್ನ ರೂಢಿ. ಎಣ್ಣೆಯ ಕಪ್ಪು ಹಿಡಿದ ಗೋಡೆಗಳು. ತುಂಬ ಮೇಲೆ, ಯಂತ್ರದ ಕೋಣೆಯ ಕಿಂಡಿಯಿಂದ ಬೆಳಕಿನ ಒಂದು ಪಟ್ಟಿ. ತಂತಿಹಗ್ಗಗಳು ಎಲ್ಲಿಯದೋ ನಡುಕ ಹಿಡಿದು ಮಿಡಿಯುತ್ತಿರುತ್ತವೆ. ಮೊನ್ನೆ ಹಾಗೆ ಕೂತವನಿಗೆ ಜೊಂಪು ಹತ್ತಿತು. ಸೊಂಟದೆತ್ತರ ಹುಲ್ಲು. ಮುಂದೆ ಜನ ನಡೆಯುತ್ತಿದ್ದಾರೆ, ಯಾರೂ ತಿರುಗಿ ನೋಡುವುದಿಲ್ಲ. ನನ್ನ ಎರಡು ಕೈಗಳಲ್ಲಿ ಎಲೆಯಲ್ಲಿ ಸುತ್ತಿದ ಏನೋ ಒಂದು, ಬೆಚ್ಚಗಿದೆ. ಅದು ನಾನು ತಿನ್ನುವಂಥದ್ದಲ್ಲ ಎಂಬುದು ಗೊತ್ತು. ಬೀಳಿಸಬಾರದು ಎಂಬುದೂ ಗೊತ್ತು. ಕಿವಿ ಸ್ವಚ್ಛವಾಗಿ ಕೇಳುತ್ತಿತ್ತು, ಹುಲ್ಲಿನ ಒಂದೊಂದು ಎಳೆಯೂ.

ವೈರಿಂಗಿನವನು ಕೆಳಗಿನಿಂದ ತಟ್ಟಿ ಎಬ್ಬಿಸಿದ. ಕೈಗಳು ಇನ್ನೂ ಬೊಗಸೆಯಾಗಿದ್ದವು.

ನಿಮಗೂ ಹೀಗೇನಾದರೂ ಆಗುತ್ತಿದೆಯೇ?

ಇತಿ,
ನಿಮ್ಮ ಬೀಗ

*

ಮೇ ೧೩, ಸೋಮವಾರ

ಬೀಗರಿಗೆ ನಮಸ್ಕಾರ.

ನಕ್ಕೆ. ಒಬ್ಬಳೇ ಕೂತು ನಕ್ಕು ತುಂಬ ದಿನವಾಗಿತ್ತು.

ನೀವು ಹಿಡಿದಿದ್ದದ್ದು ಕೆಂಡವಿರಬೇಕು. ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಬೆಂಕಿಯನ್ನು ಯಾರಾದರೂ ಹೊತ್ತುಕೊಂಡು ಹೋಗಲೇಬೇಕಿತ್ತಲ್ಲ. ಜೋಪಾನ ಮಾಡಬಲ್ಲವರು ಎಂದು ನಿಮಗೆ ಕೊಟ್ಟಿದ್ದಾರೆ.

ನನಗೂ ಆಗುತ್ತಿದೆ. ಮೊದಲು ಬದಲಾದದ್ದು ಮೂಗು. ಹಾಸನ್ನು ಮುಖಕ್ಕೆ ಹಿಡಿದರೆ ಬಿಸಿಲಿನಲ್ಲಿ ಒಣಗಿದ್ದೋ ಯಂತ್ರದಲ್ಲಿ ಒಣಗಿದ್ದೋ ಹೇಳಬಲ್ಲೆ. ಕ್ಯಾರೆಟ್ಟು ಸಿಹಿಯಾಗಿದೆ. ಈರುಳ್ಳಿ ಅದಕ್ಕಿಂತ ಸಿಹಿ. ನೀರಿಗೂ ರುಚಿಯಿದೆ, ನಲ್ಲಿಗೊಂದು. ಇಷ್ಟು ವರ್ಷ ನಾನು ತಿಂದದ್ದೆಲ್ಲ ಉಪ್ಪನ್ನೇ ಇರಬೇಕು, ಉಳಿದದ್ದು ಅದರ ಹಿಂದೆ ಅಡಗಿ ಕೂತಿತ್ತು.

ಕನಸಿನಲ್ಲಿ ಹಾಸುಗಳು ಒಂದರ ಮುಂದೊಂದು ಬಿಚ್ಚಿಕೊಂಡು ಬಯಲಾಗುತ್ತವೆ. ಬಯಲಿನ ಕೊನೆಗೆ ಹೊಳೆ. ನಾನು ಯಾವುದೋ ಪ್ರಾಣಿಯ ತೊಗಲನ್ನು ನೀರಿನಲ್ಲಿ ಅದ್ದಿ ತಿಕ್ಕುತ್ತಿರುತ್ತೇನೆ. ಆಚೆ ದಡದಲ್ಲಿ ಜನ ಸುತ್ತಲೂ ಕೂತು ತಿನ್ನುತ್ತಿದ್ದಾರೆ, ಮಾತಿಲ್ಲ. ಅಗಿಯುವ ಸದ್ದು ನೀರಿನ ಮೇಲೆ ತೇಲಿ ಬರುತ್ತದೆ. ಅವರಲ್ಲಿ ಯಾರೂ ನನ್ನವರಲ್ಲ, ಆದರೆ ನನಗೊಂದು ಜಾಗ ಬಿಟ್ಟು ಕೂತಿದ್ದಾರೆ. ಎದ್ದ ಮೇಲೆ ಇಡೀ ದಿನ ಮೈ ಹಗುರ.

ನಿನ್ನೆ ನಡೆದದ್ದನ್ನು ಹೇಳುತ್ತೇನೆ. ಮಗ ಒಬ್ಬನೇ ಬಂದ. ಹಸಿವಾಗಿದೆ ಎನ್ನುವುದು ಅವನು ಚಪ್ಪಲಿ ಬಿಡುವ ರೀತಿಯಲ್ಲೇ ತಿಳಿಯಿತು. ನೇರ ಅಡುಗೆಮನೆಗೆ ಹೋಗಿ ಡಬ್ಬಿಗಳ ಮುಚ್ಚಳ ತೆಗೆದು ನೋಡುತ್ತ ಬಂದ. ಎಲ್ಲ ಖಾಲಿ. ಒಲೆಯ ಮೇಲೆ ನನ್ನ ಗೆಣಸು ಬೇಯುತ್ತಿತ್ತು.

"ಅಮ್ಮಾ, ನೀನೂನಾ?" ಎಂದ.

ವಯಸ್ಸಾಯ್ತಲ್ಲ, ಸ್ವಲ್ಪ ಹಗುರವಾಗಿ ಇರೋಣ ಅಂತ ಎಂದೆ.

"ಒಂದು ಹಿಡಿ ಅನ್ನ ಇಲ್ವಾ ಈ ಮನೇಲಿ? ಒಂದ್ ಚೂರು ಉಪ್ಪು?"

ಕೆಳಗೆ ಇಳಿದರೆ ಅಂಗಡಿ. ಪಕ್ಕದ ಮನೆಯಾಕೆಯ ಬಾಗಿಲು ತಟ್ಟಿದರೆ ನನ್ನದೇ ಅಕ್ಕಿ. ನಾನು ಎದ್ದೇಳಲಿಲ್ಲ. ಗೆಣಸು ಸುಲಿದು ಅವನ ಮುಂದೆ ಇಟ್ಟೆ. ತಿಂದ, ತಟ್ಟೆ ತೊಳೆದಿಟ್ಟ, ಹೋದ. ಏಕೆ ಎದ್ದೇಳಲಿಲ್ಲ ಎಂದು ಇವತ್ತು ಹೊಲಿಯುತ್ತ ಕೇಳಿಕೊಂಡೆ. ನನ್ನ ಮನೆಯೊಳಗೆ ಉಪ್ಪು ಬಂದರೆ ನಾನು ನಿಮಗೆ ತಿಳಿಸಬೇಕಾಗುತ್ತಿತ್ತು.

ಅವರಿಬ್ಬರ ನಡುವೆ ಏನೋ ಸರಿಯಿಲ್ಲ ಅನ್ನಿಸುತ್ತದೆ. ಮಕ್ಕಳು ಚೆನ್ನಾಗಿರಬೇಕು. ಅವರಿಂದಲೇ ಅಲ್ಲವೇ ನೀವು ನನಗೆ ಬೀಗರು.

ಇತಿ,
ನಿಮ್ಮ ಬೀಗಿತ್ತಿ

*

ಜೂನ್ ೬, ಗುರುವಾರ

ಬೀಗಿತ್ತಿಯವರಿಗೆ ನಮಸ್ಕಾರ.

ನಿಮ್ಮ ಕಾಗದದ ಕೊನೆಯ ಸಾಲುಗಳನ್ನು ಹಲವು ಸಲ ಓದಿದೆ. ಅದಕ್ಕೆ ಈಗ ಉತ್ತರ ಬರೆಯುವುದಿಲ್ಲ.

ಮಗಳು ಬಂದಿದ್ದಳು. ಮುಖದಲ್ಲಿ ಕಳೆ ಇದೆ. ಅಳಿಯಂದಿರ ಬಗ್ಗೆ ಕೇಳಿದೆ. ಅವರು ನನಗೋಸ್ಕರ ತಿಂತಿದಾರಪ್ಪ, ಒಂದ್ ದಿನವೂ ಗೊಣಗಿಲ್ಲ ಎಂದಳು. ಹೇಳುವಾಗ ಹೆಮ್ಮೆ ಇತ್ತು. ಜೊತೆಗೆ ಸ್ವಲ್ಪ ಭಯವೂ ಇತ್ತೇನೋ. ನನ್ನ ಕಿವಿಗೆ ಮಾತಿಗಿಂತ ತುಟಿಗಳು ಹೆಚ್ಚು ಹೇಳುತ್ತವೆ, ತುಟಿಗಳು ಹೇಳಿದ್ದು ಅಷ್ಟು.

ನಿಮಗೆ ಒಂದು ಕನಸು ಹೇಳಬೇಕು. ಆ ಹುಲ್ಲುಬಯಲಿನ ಜನ ಸಂಜೆ ಒಂದು ಕಡೆ ನಿಂತರು. ಬೆಂಕಿ ಮಾಡಿದರು, ನಾನು ತಂದದ್ದರಿಂದಲೇ. ನೀವು ಹೇಳಿದ್ದು ಸರಿ, ಅದು ಕೆಂಡ. ಆ ಗುಂಪಿನಲ್ಲಿ ನನ್ನವಳು ಕೂತಿದ್ದಳು, ಬೆನ್ನು ಈ ಕಡೆ. ನಾನು ಬೇಯಿಸಿದ್ದನ್ನು ತೆಗೆದುಕೊಂಡು ಹೋಗಿ ಕೊಟ್ಟೆ. ತಿರುಗದೆ ಕೈ ಚಾಚಿ ತೆಗೆದುಕೊಂಡಳು, ಬಾಯಿಗೆ ಹಾಕಿಕೊಂಡಳು. ಸ್ವಲ್ಪ ಹೊತ್ತು ಬಿಟ್ಟು, ಉಪ್ಪು ಕಮ್ಮಿ ಎಂದಳು. ಅಷ್ಟೇ. ಬೇಸರವಿಲ್ಲ, ಆಕ್ಷೇಪಣೆಯಿಲ್ಲ, ಮನೆಯಲ್ಲಿ ಹೇಳುತ್ತಿದ್ದ ಹಾಗೆಯೇ. ಆಮೇಲೆ ಪಕ್ಕಕ್ಕೆ ಸರಿದು ಕೂತಳು. ಯಾರಿಗೋ ಜಾಗ ಮಾಡಿಕೊಡುವವರು ಹಾಗೆ ಸರಿಯುತ್ತಾರೆ.

ಅವಳು ಹೋದ ಮೇಲೆ ಅವಳನ್ನು ಕನಸಿನಲ್ಲಿ ಕಂಡದ್ದು ಇದೇ ಮೊದಲು. ಯಾರಿಗೂ ಹೇಳಿಲ್ಲ. ಯಾರಿಗೆ ಹೇಳುವುದು ಎಂದು ಹುಡುಕಬೇಕಾಗಿ ಬರಲಿಲ್ಲ.

ಇಲ್ಲಿ ಗಾಳಿ ಶುರುವಾಗಿದೆ. ಶಾಫ್ಟುಗಳು ಕೊಳಲಿನ ಹಾಗೆ ಊದುತ್ತವೆ ಎಂದು ವೈರಿಂಗಿನವನು ಹೇಳುತ್ತಾನೆ. ನನಗೆ ಅಂಗಾಲಿನಲ್ಲಿ ಗೊತ್ತಾಗುತ್ತದೆ.

ಇತಿ,
ನಿಮ್ಮ ಬೀಗ

*

ಜುಲೈ ೮, ಸೋಮವಾರ

ಬೀಗರಿಗೆ ನಮಸ್ಕಾರ.

ನಿಮಗೆ ಸುದ್ದಿ ತಲುಪಿರಬಹುದು. ಗುರುವಾರ ಮಗ ಚೀಲ ಹಿಡಿದುಕೊಂಡು ನನ್ನ ಮನೆಗೆ ಬಂದ. ಎಷ್ಟು ದಿನಕ್ಕೆ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಅವನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಅವನು ಕುರ್ಚಿ ಮೇಜುಗಳ ನಕ್ಷೆ ಬಿಡಿಸುವ ಕಚೇರಿಯ ಪಕ್ಕದಲ್ಲಿ ಒಂದು ಬೇಕರಿ ಇದೆ. ಮೇ ತಿಂಗಳಿನಿಂದ ದಿನಾ ಸಂಜೆ ಅಲ್ಲಿ ನಿಂತು ಬನ್ನು ತಿಂದು ಮನೆಗೆ ಹೋಗುತ್ತಿದ್ದನಂತೆ. ಆಮೇಲೆ ಮನೆಯಲ್ಲಿ ಮೀನು, ಗೆಡ್ಡೆ ಎಲ್ಲವನ್ನೂ ಮರುಮಾತಿಲ್ಲದೆ ತಿನ್ನುತ್ತಿದ್ದ. ಅವಳಿಗೆ ಗೊತ್ತಾಗಿಬಿಟ್ಟಿತು. ಅವನ ಕೂದಲಿನಲ್ಲಿ ಬ್ರೆಡ್ಡಿನ ವಾಸನೆ ಇತ್ತಂತೆ. ಗೊತ್ತಾಗದೆ ಹೇಗಿರುತ್ತದೆ? ಅವಳ ಮೂಗೂ ನಮ್ಮ ಮೂಗಿನ ಹಾಗೇ ಆಗಿದೆಯಲ್ಲ.

"ಒಂದು ಬನ್ನಿಗೆ ಯಾರಾದ್ರೂ ಸಂಸಾರ ಬಿಡ್ತಾರಾ ಅಮ್ಮಾ" ಎಂದು ಕೇಳಿದ. ಅವನ ಚೀಲವನ್ನು ಒಳಗೆ ಇಟ್ಟು ಬಂದೆ.

ಮೇ ತಿಂಗಳಿನಿಂದ ಎಂದನಲ್ಲ, ಅದನ್ನೇ ಮತ್ತೆ ಮತ್ತೆ ಲೆಕ್ಕ ಹಾಕುತ್ತಿದ್ದೇನೆ. ಅವನು ಮೊದಲು ಬಂದದ್ದು ನನ್ನ ಹತ್ತಿರ. ನಾನು ಒಂದು ತುತ್ತು ಅನ್ನ ಹಾಕಿದ್ದರೆ ತಿಂದು, ತಾಯಿಯ ಮನೆಯಲ್ಲಿ ತಿಂದೆ ಎಂದು ಅವಳಿಗೆ ಹೇಳಿಕೊಳ್ಳುತ್ತಿದ್ದ. ತಾಯಿಯ ಮನೆಯಲ್ಲಿ ತಿಂದದ್ದು ಯಾವ ಹೆಂಡತಿಗೂ ಮೋಸವಲ್ಲ, ಹೆಚ್ಚೆಂದರೆ ಒಂದು ದಿನದ ಮುನಿಸು. ನಾನು ಬಾಗಿಲು ತೆರೆದೇ ಅವನನ್ನು ಹೊರಗೆ ಹಾಕಿದೆ. ಹೊಟ್ಟೆ ಹಸಿದ ಮಗನ ಎದುರು ಕೂತು, ನಿಮಗೆ ಕೊಟ್ಟ ಮಾತನ್ನು ಕಾಯ್ದೆ. ಈ ಪಥ್ಯ ಶುರುಮಾಡಿದ್ದು ಅವರಿಬ್ಬರ ಸಲುವಾಗಿ. ಯಾವ ದಿನದಿಂದ ಅದು ಬೇರೆಯದರ ಸಲುವಾಗಿ ಆಯಿತೋ ನಾನು ಗಮನಿಸಲಿಲ್ಲ.

ಷರತ್ತಿನ ಪ್ರಕಾರ ತಿಳಿಸಬೇಕು. ಗುರುವಾರ ಅನ್ನ ಮಾಡಿದೆ, ಸಾರಿಗೆ ಉಪ್ಪು ಹಾಕಿದೆ. ಅವನ ಜೊತೆ ಕೂತು ನಾನೂ ತಿಂದೆ. ಒಬ್ಬನೇ ತಿನ್ನಲಿ ಎಂದು ಬಿಡಲು ಆಗಲಿಲ್ಲ. ಬಾಯಿಯೆಲ್ಲ ಉರಿಯಿತು. ಅವತ್ತಿನಿಂದ ಕನಸಿಲ್ಲ.

ನೀವು ಮಗಳಿಗೆ ಏನಾದರೂ ಹೇಳುತ್ತೀರಾ?

ಇತಿ,
ನಿಮ್ಮ ಬೀಗಿತ್ತಿ

*

ಜುಲೈ ೨೦, ಶನಿವಾರ

ಬೀಗಿತ್ತಿಯವರಿಗೆ ನಮಸ್ಕಾರ.

ಹೇಳಿದೆ. ಕೆಲಸಕ್ಕೆ ರಜೆ ಹಾಕಿ, ರೈಲು ಹತ್ತಿ ಅವಳಿದ್ದಲ್ಲಿಗೇ ಹೋಗಿ ಹೇಳಿದೆ. ಈಜುಕೊಳದ ಕಟ್ಟೆಯ ಮೇಲೆ ಇಬ್ಬರೂ ಕಾಲು ಇಳಿಬಿಟ್ಟು ಕೂತಿದ್ದೆವು. ಪಾಠ ಮುಗಿದು ನೀರು ಸಮತಟ್ಟಾಗಿತ್ತು. ಸೂರಿನ ಮೇಲೆ ಬೆಳಕಿನ ಬಲೆ ನಿಧಾನವಾಗಿ ಅಲುಗುತ್ತಿತ್ತು. ಅಲ್ಲಿ ಸದ್ದೆಲ್ಲ ಪ್ರತಿಧ್ವನಿಸುತ್ತದೆ, ನನಗೆ ಏನೂ ಕೇಳುವುದಿಲ್ಲ. ಅವಳ ಮುಖವನ್ನೇ ನೋಡುತ್ತ ಕೂತೆ.

ಬ್ರೆಡ್ಡು ತಿಂದರೇನಾಯಿತು, ಮೊದಲೇ ಹೇಳಿದ್ದರೆ ನಾನೇ ತಂದಿಡುತ್ತಿದ್ದೆ ಎಂದಳು. ಆಮೇಲೆ ಹೇಳಿದ ಮಾತು ಇದು:

"ತಿಂದಿದ್ದಕ್ಕಲ್ಲಪ್ಪ. ದಿನಾ ಬಾಯಿ ತೊಳಕೊಂಡು ಬರ್ತಿದ್ರಲ್ಲ, ಅದಕ್ಕೆ."

ನಾನು ನನಗೆ ತೋಚಿದ್ದನ್ನೆಲ್ಲ ಹೇಳಿದೆ. ಅವರು ಅದನ್ನು ಮಾಡಿದ್ದು ನಿನ್ನ ಮನಸ್ಸು ನೋಯಬಾರದು ಎಂದು, ಎಂದೆ. ಅದೇ ಕಷ್ಟ ಎಂದಳು. ನನಗಾಗಿ ಹಸಿದುಕೊಂಡಿರುವವರ ಜೊತೆ ಇರುವುದು, ಅವರು ಹಸಿದಿದ್ದಾರೆ ಎಂದು ನನಗೆ ಮಾತ್ರ ತಿಳಿಯದಿರುವುದು. ಬೇರೆ ವಿಷಯಗಳಲ್ಲೂ ಹೀಗೇ ಇತ್ತಂತೆ. ಸಿನಿಮಾ, ಮನೆ, ಮಗು. ಎಲ್ಲದಕ್ಕೂ ಅವರು ನಿನ್ನಿಷ್ಟ ಎನ್ನುತ್ತಿದ್ದರಂತೆ. ಬ್ರೆಡ್ಡಿಗೆ ವಾಸನೆ ಇತ್ತು, ಉಳಿದವಕ್ಕೆ ಇರಲಿಲ್ಲ.

ಹಾಗಾಗಿ ಎಲ್ಲ ಭಾರವನ್ನೂ ನಿಮ್ಮ ಆ ಒಂದು ದಿನದ ಮೇಲೆ ಹೊರಿಸಿಕೊಳ್ಳಬೇಡಿ. ಅದರಲ್ಲಿ ಅರ್ಧ ನನ್ನದು. ನಮ್ಮಿಬ್ಬರಲ್ಲಿ ಈ ಪಥ್ಯ ಮೊದಲು ಶುರುಮಾಡಿದವನು ನಾನು.

ನಾನು ಇನ್ನೂ ಬಿಟ್ಟಿಲ್ಲ. ಆಗಸ್ಟ್ ಕೊನೆಯವರೆಗೆ ಎಂದಿದ್ದಿರಿ. ನಿಮ್ಮ ಪಾಲಿನದನ್ನೂ ಸೇರಿಸಿ ಮುಗಿಸುತ್ತೇನೆ.

ಇತಿ,
ನಿಮ್ಮ ಬೀಗ

*

ಸೆಪ್ಟೆಂಬರ್ ೧೫, ಭಾನುವಾರ

ನಮಸ್ಕಾರ.

ನಿಮ್ಮಿಂದ ಕಾಗದ ಬರಲಿಲ್ಲ. ಬರೆಯಲು ಏನಿತ್ತು ಎಂದು ನನಗೂ ಅನ್ನಿಸುತ್ತದೆ.

ಮಕ್ಕಳಿಬ್ಬರೂ ವಕೀಲರ ಕಚೇರಿಗೆ ಹೋಗಿ ವಿಚ್ಛೇದನದ ಪತ್ರಕ್ಕೆ ಸಹಿ ಹಾಕಿ ಬಂದದ್ದು ನಿಮಗೆ ಗೊತ್ತೇ ಇದೆ. ಜಗಳವಿರಲಿಲ್ಲವಂತೆ. ಇಬ್ಬರೂ ಒಂದೇ ಕೊಡೆಯಲ್ಲಿ ಬಸ್ ಸ್ಟಾಪಿನವರೆಗೆ ನಡೆದರಂತೆ. ಇದನ್ನು ಕೇಳಿ ನನಗೆ ಜಗಳವಾಗಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಮಗಳು ಸಮುದ್ರದ ಬದಿಯ ಒಂದು ಊರಿನಲ್ಲಿ ಕೆಲಸ ಹಿಡಿದಿದ್ದಾಳೆ. ಹೊರಡುವ ಮುಂಚೆ ಒಂದು ವಾರ ನನ್ನ ಜೊತೆ ಇದ್ದಳು. ನನ್ನ ಡಬ್ಬಿ ನೋಡಿ, ಯಾವಾಗಿಂದ ಎಂದು ಕೇಳಿದಳು. ಹೇಳಿದೆ. ನಿಮ್ಮ ವಿಷಯವೂ ಬಂತು, ಬರದೆ ಇರುವುದು ಸಾಧ್ಯವಿರಲಿಲ್ಲ. ಅವಳು ನಿಮ್ಮ ಕಾಗದಗಳನ್ನು ಕೇಳಲಿಲ್ಲ, ನಾನು ತೋರಿಸಲೂ ಇಲ್ಲ. ಕಿಟಕಿಯ ಹತ್ತಿರ ಹೋಗಿ ನಿಂತಳು. ಆಮೇಲೆ ನನ್ನ ಕಡೆ ತಿರುಗಿ, ತುಟಿಗಳು ಕಾಣುವ ಹಾಗೆ ನಿಂತು ಹೇಳಿದಳು.

"ಇನ್ನು ಆ ಮನೆಗೆ ಕಾಗದ ಬರೀಬೇಡಪ್ಪ. ನಂಗೆ ಒಂಥರಾ ಆಗುತ್ತೆ."

ಅವಳ ಮಾತಿನಲ್ಲಿ ತಪ್ಪಿಲ್ಲ. ತಾನು ಸಂಬಂಧ ಮುಗಿಸಿಕೊಂಡು ಬಂದ ಮನೆಗೆ ತಂದೆ ಹಿಂಬಾಗಿಲಿನಿಂದ ಹೋಗಿ ಬರುತ್ತಿದ್ದರೆ ಯಾರಿಗಾದರೂ ಹಾಗಾಗುತ್ತದೆ. ಆಯಿತು ಎಂದೆ. ಆಯಿತು ಎಂದ ಮೇಲೂ ಇದನ್ನು ಬರೆಯುತ್ತಿದ್ದೇನೆ. ಇದೊಂದು ಎಂದುಕೊಂಡು ಕೂತಿದ್ದೇನೆ. ಇದರ ಮುಂದಿನದು ನನಗೆ ಗೊತ್ತಿಲ್ಲ.

ಆಗಸ್ಟ್ ಮುಗಿದ ಮೇಲೂ ನಾನು ಅದನ್ನೇ ತಿನ್ನುತ್ತಿದ್ದೇನೆ. ನಾಲಿಗೆಗೆ ಈಗ ಬೇರೆ ಏನೂ ಬೇಡ. ಕನಸುಗಳು ಬರುತ್ತವೆ. ಜನ ಈಗ ಬೆಟ್ಟದ ಬುಡದಲ್ಲಿದ್ದಾರೆ, ಚಳಿ ಬರುತ್ತಿದೆ, ಎಲ್ಲರೂ ಸೌದೆ ಕೂಡಿಸುತ್ತಿದ್ದಾರೆ. ಅವರಿಗೆ ಅಳಿಯ, ಸೊಸೆ, ಬೀಗರು ಎಂಬ ಹೆಸರುಗಳು ಇದ್ದವೋ ಇಲ್ಲವೋ. ಒಂದೇ ಬೆಂಕಿಯ ಸುತ್ತ ಕೂರುವವರು ಒಬ್ಬರಿಗೊಬ್ಬರು ಏನಾಗುತ್ತಾರೆ ಎಂದು ಅವರಲ್ಲಿ ಯಾರನ್ನಾದರೂ ಕೇಳಬೇಕೆನ್ನಿಸುತ್ತದೆ. ಕೇಳುವಷ್ಟರಲ್ಲಿ ಎಚ್ಚರವಾಗುತ್ತದೆ.

ನೀವು ಉತ್ತರ ಬರೆಯದಿದ್ದರೆ ನನಗೆ ಅರ್ಥವಾಗುತ್ತದೆ. ಬರೆಯದಿರುವುದೇ ಸರಿ ಎಂದು ನೀವು ನಿರ್ಧರಿಸಿದರೆ ಅದನ್ನೂ ಒಪ್ಪುತ್ತೇನೆ. ನಿಮ್ಮ ಆರೋಗ್ಯ ನೋಡಿಕೊಳ್ಳಿ. ನೆಲಮಾಳಿಗೆಯ ಥಂಡಿ ಕಾಲಿಗೆ ಒಳ್ಳೆಯದಲ್ಲ, ಅಲ್ಲಿ ದಪ್ಪ ಚಪ್ಪಲಿ ಹಾಕಿಕೊಳ್ಳಿ.

ಇತಿ,
ನಿಮ್ಮ ಹಳೆಯ ಬೀಗ

*

ಸೆಪ್ಟೆಂಬರ್ ೨೬, ಗುರುವಾರ

ನಮಸ್ಕಾರ.

ನಿಮ್ಮ ಕಾಗದ ಬಂದು ಒಂದು ವಾರವಾಯಿತು. ಕೆಲಸದ ಮೇಜಿನ ಡ್ರಾದಲ್ಲಿ, ದಾರದ ಉಂಡೆಗಳ ಕೆಳಗೆ ಇಟ್ಟಿದ್ದೇನೆ. ಮನೆಗೆ ತೆಗೆದುಕೊಂಡು ಹೋಗಿಲ್ಲ. ಅದನ್ನು ಅಲ್ಲಿಟ್ಟದ್ದೇಕೆ ಎಂದು ಕೇಳಿಕೊಂಡಾಗ ನನಗೆ ನಾಚಿಕೆಯಾಯಿತು. ನನ್ನ ಮಗ ಬೇಕರಿಯ ಮುಂದೆ ನಿಂತಿದ್ದದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಮಗ ನನ್ನ ಜೊತೆಗೇ ಇದ್ದಾನೆ. ಬೆಳಿಗ್ಗೆ ಹೋಗುತ್ತಾನೆ, ಸಂಜೆ ಬರುತ್ತಾನೆ. ಊಟ ಚೆನ್ನಾಗಿ ಮಾಡ್ತಿದೀಯಾ ಎಂದು ಕಚೇರಿಯವರು ಹೇಳುತ್ತಾರಂತೆ. ಮೈ ತುಂಬಿಕೊಂಡಿದೆ, ಕಾಲರು ಸರಿಹೋಗಿದೆ. ಮುಖ ಇನ್ನೂ ಅವನದಾಗಿಲ್ಲ. ಊಟಕ್ಕೆ ಕೂತಾಗ ಕೆಲವೊಮ್ಮೆ ಉಪ್ಪನ್ನು ಹಾಕಿಕೊಳ್ಳದೆ ಸುಮ್ಮನೆ ನೋಡುತ್ತಿರುತ್ತಾನೆ. ಅವಳ ಹೆಸರು ನಮ್ಮ ಮನೆಯಲ್ಲಿ ಬರುವುದಿಲ್ಲ. ನಿಮ್ಮದಂತೂ ಬರುವ ಪ್ರಶ್ನೆಯೇ ಇಲ್ಲ. ನಾವಿಬ್ಬರೂ ಹೀಗೆ ಬರೆದುಕೊಂಡಿದ್ದೇವೆ ಎಂಬುದೇ ಅವನಿಗೆ ತಿಳಿಯದು. ಆ ದಿನ ಅವನಿಗೆ ಅನ್ನ ಯಾಕೆ ಸಿಗಲಿಲ್ಲ ಎಂಬುದೂ ತಿಳಿಯದು. ತಾಯಿಗೆ ವಯಸ್ಸಾಯಿತು, ಹಗುರವಾಗಿ ಇರಬೇಕೆನ್ನಿಸಿತು ಎಂದೇ ಇವತ್ತಿಗೂ ನಂಬಿದ್ದಾನೆ.

ಬರೆಯದಿದ್ದರೆ ನಿಮಗೆ ಅರ್ಥವಾಗುತ್ತದೆ ಎಂದಿದ್ದೀರಿ. ನಿಮಗೆ ಅರ್ಥವಾಗಬಹುದು, ನನಗೆ ಆಗುವುದಿಲ್ಲ. ಎರಡು ತಿಂಗಳು ಬರೆಯದೆ ಇದ್ದು ನೋಡಿದೆ. ಹಾಸುಗಳನ್ನು ಮಡಿಸಿದೆ, ಅಂಚು ಹೊಲಿದೆ, ಮಗನಿಗೆ ಅಡುಗೆ ಮಾಡಿ ಹಾಕಿದೆ. ಎಲ್ಲವೂ ನಡೆಯಿತು. ದಿನದಲ್ಲಿ ಏನಾದರೂ ಸಣ್ಣದು ಕಂಡಾಗ, ಯಂತ್ರದ ಗಾಜಿನ ಹಿಂದೆ ಒಂದೇ ಒಂದು ಕಾಲುಚೀಲ ಸುತ್ತುತ್ತಿರುವುದು, ಅಡುಗೆಯ ಹಿರಿಯ ಮತ್ತೆ ಬನ್ನು ಕಳಿಸಲು ಶುರುಮಾಡಿ ನನ್ನ ಹಲ್ಲು ವಾಸಿಯಾಯಿತೇ ಎಂದು ವಿಚಾರಿಸಿದ್ದು, ಇದನ್ನು ಬರೆಯಬೇಕು ಎಂದುಕೊಳ್ಳುವುದು ಮಾತ್ರ ನಿಲ್ಲಲಿಲ್ಲ.

ನಿಮ್ಮ ಮಗಳ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಅವಳಿಗೆ ಒಂಥರಾ ಆಗುತ್ತದೆ ಎಂದರೆ ಆಗುತ್ತದೆ. ಆದರೆ ಅವಳ ಬೇಸರ ಕಾಗದದ್ದೋ, ಅವಳಿಗೆ ಗೊತ್ತಿಲ್ಲದೆ ಬರೆದುಕೊಂಡದ್ದರದ್ದೋ ಎಂದು ನೀವು ಅವಳನ್ನೇ ಒಮ್ಮೆ ಕೇಳಿ. ಅವಳು ಆ ಎರಡನ್ನು ಬೇರೆ ಮಾಡಿ ನೋಡಬಲ್ಲವಳು. ಈಜುಕೊಳದ ಕಟ್ಟೆಯ ಮೇಲೆ ನಿಮಗೆ ಹೇಳಿದ್ದು ಅದನ್ನೇ ಅಲ್ಲವೇ.

ನಾನು ನನ್ನ ಕಡೆಯದನ್ನು ನಿರ್ಧರಿಸಿದ್ದೇನೆ. ಮಗನಿಗೆ ಹೇಳುತ್ತೇನೆ. ಮಾರ್ಚ್‌ನಿಂದ ನಾನು ನಿಮಗೆ ಬರೆಯುತ್ತಿದ್ದೆ, ನೀವು ನನಗೆ ಬರೆಯುತ್ತಿದ್ದಿರಿ, ಮೊದಲು ಅದು ಅವನ ಸಲುವಾಗಿತ್ತು, ಆಮೇಲೆ ನನ್ನ ಸಲುವಾಗಿ ಆಯಿತು ಎಂದು. ಅವನು ಹಸಿದು ಬಂದ ದಿನ ನಾನು ಯಾಕೆ ಎದ್ದೇಳಲಿಲ್ಲ ಎಂದು. ಇನ್ನು ಮುಂದೆಯೂ ಬರೆಯಬೇಕೆಂದಿದ್ದೇನೆ ಎಂದು. ಅವನು ಎದ್ದು ಹೋಗಬಹುದು. ಚೀಲ ಇನ್ನೂ ಪೂರ್ತಿ ಬಿಚ್ಚಿಲ್ಲ, ಹಿಡಿದು ಹೊರಡುವುದು ಅವನಿಗೆ ಕಷ್ಟವಲ್ಲ. ಹೋದರೆ ತಡೆಯುವುದಿಲ್ಲ. ಈ ಮನೆಯಲ್ಲಿ ಅವನಿಗೆ ತಿಳಿಯದೆ ನಡೆಯುತ್ತಿರುವುದು ಯಾವುದೂ ಉಳಿದಿಲ್ಲ ಎಂದಾದರೂ ತಿಳಿದುಕೊಂಡು ಹೋಗಲಿ.

ಏನೆಂದು ಶುರುಮಾಡುವುದು ಎಂದು ಹೊಲಿಗೆಯ ನಡುವೆ ಹೇಳಿಕೊಂಡು ನೋಡುತ್ತಿದ್ದೇನೆ. ಇನ್ನೂ ಒಂದು ವಾಕ್ಯವೂ ಸರಿಹೋಗಿಲ್ಲ. ಭಾನುವಾರ ಅವನಿಗೆ ರಜೆ, ಮನೆಯಲ್ಲೇ ಇರುತ್ತಾನೆ. ಅವತ್ತು ಹೇಳುತ್ತೇನೆ.

ಇವತ್ತು ಗುರುವಾರ.

ಇತಿ,
ನಾನು